ಶನಿವಾರ ಮಕ್ಕಳಿಗೆ ಹಾಕುವ ಸೀರೀಸ್ ಬಗ್ಗೆ

ವಿದ್ಯಾನಗರ ಗುಂಪಿನ ಅಕ್ಕಾರೇ, ಅಣ್ಣಾರೇ, ‘ಪೆಸಿಫಿಕ್ ರಿಮ್: ದಿ ಬ್ಲ್ಯಾಕ್’ ತೋರಿಸಬಹುದಾ ಅಂತ ಭಾಳ ಮಂದಿ ಕೇಳಿದ್ದೀರಿ. 2021ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದದ್ದು. ಎರಡು ಸೀಸನ್, ಒಂದೊಂದರಲ್ಲಿ 7 ಎಪಿಸೋಡ್.

ಕಾರ್ಟೂನ್ ಅಲ್ವಾ ಅಂತ ಸಣ್ಣವರನ್ನು ಸುಮ್ನೆ ಕೂರಿಸಬೇಡಿ. ದೈತ್ಯ ಪ್ರಾಣಿಗಳು ಆಸ್ಟ್ರೇಲಿಯಾ ಹಾಳುಮಾಡಿವೆ, ಸಹಾಯ ತರುತ್ತೇವೆ ಅಂತ ಹೋದ ಅಪ್ಪ ಅಮ್ಮ ಐದು ವರ್ಷವಾದರೂ ಬಂದಿಲ್ಲ, ಅಣ್ಣ ತಂಗಿ ದೊಡ್ಡ ರೋಬೋಟ್ ಹತ್ತಿ ಅವರನ್ನು ಹುಡುಕಲು ಹೊರಡುತ್ತಾರೆ. ಶುರುವಿನಲ್ಲೇ ಜೊತೆಗಿದ್ದ ಮಂದಿಯೆಲ್ಲ ಸಾಯುತ್ತಾರೆ, ಆ ರೋಬೋಟ್ ಚಾಲು ಮಾಡಿದ್ದು ತಾನೇ ಅಂತ ತಂಗಿ ಕೊರಗುತ್ತಾಳೆ. ನನಗೆ ಜಾಸ್ತಿ ಕಸಿವಿಸಿ ಆಗಿದ್ದು ಪ್ರಾಣಿಗಳಿಂದಲ್ಲ, ಮನುಷ್ಯರಿಂದ. ಒಬ್ಬ ಗ್ಯಾಂಗ್ ಲೀಡರ್, ಒಬ್ಬ ಹುಡುಗಿಯ ತಲೆಯಲ್ಲಿ ಸುಳ್ಳು ನೆನಪು ತುಂಬಿ, ಬೇರೆಯವರನ್ನು ಕೊಲ್ಲುವ ಕೆಲಸಕ್ಕೆ ಅವಳನ್ನು ಇಟ್ಟುಕೊಂಡಿರುತ್ತಾನೆ. ಹತ್ತು ವರ್ಷದವರಿಗೆ ಇದೆಲ್ಲ ಯಾಕೆ ಬೇಕು?

ಎಂಟನೇ ಕ್ಲಾಸ್ ಮೇಲಿನವರಿಗೆ ನಡೆಯುತ್ತದೆ, ಅದೂ ದೊಡ್ಡವರು ಜೊತೆ ಕೂತರೆ. ಅಣ್ಣ ತಂಗಿಯ ಜಗಳ, ಹಠ ಚೆನ್ನಾಗಿ ಬಂದಿದೆ, ನಮ್ಮ ಮನೆಯದೇ ಅನ್ನಿಸುತ್ತದೆ. ಮನೆಯಲ್ಲಿ ಒಬ್ಬರೇ ನೋಡುವ ಹುಡುಗರಿದ್ದರೆ ಪ್ರೊಫೈಲ್‌ಗೆ ವಯಸ್ಸಿನ ಲಾಕ್ ಹಾಕಿ.

ಸಣ್ಣವರಿಗೆ ಬೇರೆ ರೂಮಿನಲ್ಲಿ ಕೇರಂ. ಗಿರ್ಮಿಟ್ ನಮ್ಮ ಮನೆಯಿಂದ. ಬೇಡ ಅನ್ನುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೇಳಿಬಿಡಿ.