ಬಾಯಿಗೆ ಅಡ್ಡ ಹಿಡಿದ ಕೈ

ಪುಟ್ಟಿ,

ನಿನ್ನ ಪತ್ರ ಮೂರು ಸಲ ಓದಿದೆ. ಸ್ಕೂಟರಿನಿಂದ ಬಿದ್ದು ಮುಂದಿನ ಹಲ್ಲಿಗೆ ಪೆಟ್ಟಾದ ವಿಷಯ, ರೂಟ್ ಕೆನಾಲ್ ವಿಷಯ ಎಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿದ್ದಾನೆ, ಅದು ಬೇಡ. ಆ ಹಲ್ಲಿನ ಮೇಲೆ ಕೂರಿಸುವ ಕ್ಯಾಪ್ ಯಾವುದರದ್ದು ಇರಲಿ, ಜಿರ್ಕೋನಿಯಾನಾ, ಇಮ್ಯಾಕ್ಸಾ, ಮೆಟಲ್ ಸೆರಾಮಿಕ್ಕಾ ಅಂತ ಕೇಳಿದ್ದೀಯ, ನನಗೆ ತಿಳಿದಷ್ಟು ಹೇಳುತ್ತೇನೆ. ಆದರೆ ಕೊನೆಯಲ್ಲಿ ಬರೆದಿದ್ದೀಯಲ್ಲ, "ಈಗೀಗ ಬಾಯಿಗೆ ಕೈ ಅಡ್ಡ ಹಿಡಿದೇ ನಗುವುದು ಅತ್ತೆ, ಕ್ಯಾಪ್ ಹಾಕಿಸಿದ ಮೇಲೂ ಇದು ಕಟ್ಟಿಸಿದ ಹಲ್ಲು ಅಂತ ಎಲ್ಲರಿಗೂ ಗೊತ್ತಾಗುತ್ತೇನೋ" ಅಂತ. ಆ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ.

ಆ ಕೈ ನನಗೆ ಚೆನ್ನಾಗಿ ಗೊತ್ತು. ನಮ್ಮಮ್ಮನ ಕೈ ಅದು. ಪಾವಗಡದ ಕಡೆ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ವಸಡಿನ ಒಳಗೆ ಹಲ್ಲು ಕಟ್ಟುವ ವಯಸ್ಸಿನಲ್ಲಿ ಅದನ್ನೇ ಕುಡಿದು ಬೆಳೆದವರ ಹಲ್ಲಿಗೆ ಕಂದು ಗೆರೆ ಕೂತುಬಿಡುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನೀನು ನೋಡಿದ ಅಜ್ಜಿಗೆ ಹಲ್ಲೇ ಇರಲಿಲ್ಲ, ಆಗ ಅವಳು ಬಾಯಿ ತುಂಬ ನಗುತ್ತಿದ್ದಳು. ನಾನು ನೋಡಿದ ಅಮ್ಮ ಸೆರಗು ಎಳೆದುಕೊಂಡು ನಗುತ್ತಿದ್ದವಳು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ದಿನ, ಶಾಲೆಗೆ ಬಂದರೆ ಟೀಚರ್ ಮುಂದೆ ನಗಬೇಡ ಅಂದಿದ್ದೆ. ಒಂದೇ ಸಲ ಅಂದದ್ದು. ಆಮೇಲೆ ಅವಳು ನನ್ನ ಶಾಲೆಯ ಕಡೆ ಬರಲೇ ಇಲ್ಲ. ಕೇಳಿದರೆ ಮನೆಯಲ್ಲಿ ಕೆಲಸ ಅನ್ನುತ್ತಿದ್ದಳು. ಅವಳು ಹೋಗುವವರೆಗೂ ಆ ಮಾತು ಎತ್ತಿ ಕ್ಷಮಿಸು ಅನ್ನಲು ನನ್ನಿಂದ ಆಗಲಿಲ್ಲ.

ಅದಕ್ಕೇ ನಿನ್ನ ಆ ಸಾಲು ನನಗೆ ಹಾಗೆ ತಾಗಿತು.

ನನ್ನದೂ ಮುಂದಿನ ಹಲ್ಲೇ ಅಲ್ವಾ. 1994ರಲ್ಲಿ ಕ್ಯಾಪ್ ಹಾಕಿಸಿದ್ದು, ಒಳಗೆ ಲೋಹ, ಮೇಲೆ ಪಿಂಗಾಣಿ, ನೀನು ಹೇಳುವ ಮೆಟಲ್ ಸೆರಾಮಿಕ್ ಅದೇ. ಬಣ್ಣ ಆರಿಸಿದ್ದು ಸಂಜೆ ಏಳು ಗಂಟೆಗೆ, ಟ್ಯೂಬ್‌ಲೈಟಿನ ಕೆಳಗೆ. ಅಲ್ಲಿ ಸರಿಯಾಗಿಯೇ ಕಂಡಿತು. ಮರುದಿನ ಬಿಸಿಲಿನಲ್ಲಿ ಕನ್ನಡಿ ನೋಡಿದರೆ ಅದೊಂದೇ ಹಲ್ಲು ಸುಣ್ಣ ಬಳಿದ ಹಾಗೆ. ಲೋಹ ಬೆಳಕನ್ನು ಒಳಗೆ ಬಿಡುವುದಿಲ್ಲ. ಅದನ್ನು ಮುಚ್ಚಲು ಮೊದಲು ದಟ್ಟವಾದ ಬಿಳಿ ಲೇಪ ಕೊಡಬೇಕು, ಹಾಗಾಗಿ ಹಲ್ಲಿಗೆ ಜೀವ ಬರುವುದಿಲ್ಲ. ಹತ್ತು ಹನ್ನೆರಡು ವರ್ಷಕ್ಕೆ ವಸಡು ಸ್ವಲ್ಪ ಮೇಲೆ ಸರಿದು ಬುಡದಲ್ಲಿ ಬೂದು ಗೆರೆ ಕಾಣಿಸಿತು. ನಿಮ್ಮಪ್ಪನ ಮದುವೆಯ ಆಲ್ಬಂ ತೆಗೆದು ನೋಡು, ಒಂದು ಫೋಟೋದಲ್ಲೂ ನನ್ನ ಹಲ್ಲು ಕಾಣುವುದಿಲ್ಲ. ಇದ್ದ ಒಬ್ಬ ತಮ್ಮನ ಮದುವೆಯಲ್ಲಿ ನಾನು ತುಟಿ ಬಿಗಿದು ನಿಂತಿದ್ದೇನೆ. ಬೆಳಿಗ್ಗೆ ಹೊತ್ತು ಬರುತ್ತೇನೆ, ಬೆಳಕಿನಲ್ಲಿ ನೋಡೋಣ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಡಾಕ್ಟರ್ ಎದುರು ಬಾಯಿ ಬರಲಿಲ್ಲ.

2019ರಲ್ಲಿ ಅದನ್ನು ತೆಗೆಸಿದೆ. ಈ ಸಲದ ಡಾಕ್ಟರ್ ಕೂರಿಸಿಕೊಂಡು ಹೇಳಿದರು. ಇಮ್ಯಾಕ್ಸ್ ಅನ್ನುವುದು ಲಿಥಿಯಂ ಡೈಸಿಲಿಕೇಟ್, ಗಾಜು ಬೆರೆತ ಒಂದು ಬಗೆಯ ಸೆರಾಮಿಕ್. ಬೆಳಕು ಒಳಗೆ ಹೋಗಿ ಹೊರಗೆ ಬರುತ್ತದೆ, ಅದಕ್ಕೇ ಸ್ವಂತ ಹಲ್ಲಿನ ಹಾಗೆ ಕಾಣುವುದು. ಅದರ ಗಟ್ಟಿತನ, ಅಂದರೆ ಮುರಿಯದೆ ತಡೆದುಕೊಳ್ಳುವ ಬಲ, ಸುಮಾರು 400 ಮೆಗಾಪಾಸ್ಕಲ್. ಜಿರ್ಕೋನಿಯಾ ಅನ್ನುವುದು ಇನ್ನೂ ಗಟ್ಟಿಯಾದ ಬಿಳಿ ಸೆರಾಮಿಕ್, ಅದರಲ್ಲಿ ಹಳೆಯ ಬಗೆಯದ್ದು 1000ದ ಆಸುಪಾಸು. ಬೆಳಕು ಬಿಡುವ ಹೊಸ ಜಿರ್ಕೋನಿಯಾ ಇವೆರಡರ ನಡುವೆ ನಿಲ್ಲುತ್ತದೆ, ಅಂದ ಜಾಸ್ತಿಯಾದಷ್ಟು ಗಟ್ಟಿತನ ಕಡಿಮೆ. ಕೋಡುಬಳೆ ಕಡಿಯುವುದು ದವಡೆ ಹಲ್ಲು, ನಿನ್ನದು ಮುಂದಿನದು. ಹಾಗಾಗಿ ಇಮ್ಯಾಕ್ಸ್ ಸಾಕು ಅಂತ ನನಗೆ ಅನ್ನಿಸುತ್ತದೆ. ಆದರೆ ಒಂದು ಕೇಳಿಕೋ. ರೂಟ್ ಕೆನಾಲ್ ಆದ ಹಲ್ಲು ಕೆಲವರಿಗೆ ಕಪ್ಪಾಗುತ್ತದೆ, ಕೆಲವರಿಗೆ ಒಳಗೆ ಲೋಹದ ಕಡ್ಡಿ ಕೂರಿಸಿರುತ್ತಾರೆ. ಹಾಗಿದ್ದರೆ ಆ ಕಪ್ಪು ಇಮ್ಯಾಕ್ಸ್ ಒಳಗಿಂದ ಇಣುಕುತ್ತದೆ. ನನಗೆ ಹಾಗೇ ಆಗಿದ್ದಕ್ಕೆ ಒಳಗೆ ಜಿರ್ಕೋನಿಯಾ, ಮೇಲೆ ಪಿಂಗಾಣಿ ಪದರ ಕೊಟ್ಟರು. ಆ ಪದರ ಚಕ್ಕೆ ಏಳಬಹುದು ಎಂದೂ ಹೇಳಿದ್ದರು, ಇದುವರೆಗೆ ಎದ್ದಿಲ್ಲ. ನಿನ್ನ ಹಲ್ಲನ್ನು ನೋಡಿದವರು ನಿನ್ನ ಡಾಕ್ಟರ್, ನಾನಲ್ಲ. ನನ್ನ ಮಾತನ್ನೇ ಹಿಡಿದುಕೊಳ್ಳಬೇಡ.

ಗೊತ್ತಾಗುತ್ತೇನೋ ಅಂದೆಯಲ್ಲ. ಒಂದೇ ಒಂದು ಮುಂದಿನ ಹಲ್ಲನ್ನು ಪಕ್ಕದ್ದಕ್ಕೆ ಹೊಂದಿಸುವುದೇ ಎಲ್ಲಕ್ಕಿಂತ ಕಷ್ಟ, ಸುಳ್ಳು ಹೇಳಲಾರೆ. ಹಲ್ಲಿನ ಬಣ್ಣ ಹೋಲಿಸುವ ಶೇಡ್ ಪಟ್ಟಿಯಲ್ಲಿ ಎ2, ಎ3 ಅಂತ ಮಾದರಿಗಳು ಇರುತ್ತವೆ. ಅದನ್ನು ಹಗಲು ಬೆಳಕಿನಲ್ಲಿ ನೋಡಬೇಕು, ಅದೂ ಹೋದ ತಕ್ಷಣ. ಬಾಯಿ ತೆರೆದು ಸ್ವಲ್ಪ ಹೊತ್ತಾದರೆ ಹಲ್ಲು ಒಣಗಿ ಇನ್ನೂ ಬೆಳ್ಳಗೆ ಕಾಣುತ್ತದೆ. ಆ ದಿನ ಲಿಪ್‌ಸ್ಟಿಕ್ ಬೇಡ. ಉಳಿದ ಹಲ್ಲು ಬೆಳ್ಳಗೆ ಮಾಡಿಸುವ ಆಸೆ ಇದ್ದರೆ ಮೊದಲು ಅದು ಮುಗಿಸು, ಕ್ಯಾಪಿನ ಬಣ್ಣ ಆಮೇಲೆ ಬದಲಾಗುವುದಿಲ್ಲ. ಅಂಟಿಸುವ ಮೊದಲು ಇಟ್ಟು ತೋರಿಸಿ ಅನ್ನು. ಕನ್ನಡಿ ಹಿಡಿದು ಕಿಟಕಿ ಹತ್ತಿರ ಹೋಗು, ಅಲ್ಲಿ ನಗು. ಸರಿ ಇಲ್ಲ ಅನ್ನಿಸಿದರೆ ಸರಿ ಇಲ್ಲ ಅನ್ನು ಪುಟ್ಟಿ, ನನ್ನ ಹಾಗೆ ತಲೆ ಆಡಿಸಿ ಬರಬೇಡ. ಲ್ಯಾಬಿಗೆ ವಾಪಸ್ ಕಳಿಸುವುದು ಹೊಸದೇನಲ್ಲ, ಅಂಟಿಸಿದ ಮೇಲೆ ಕೊರೆದೇ ತೆಗೆಯಬೇಕಾಗುತ್ತದೆ.

ನಿಮ್ಮಪ್ಪ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾನೆ. ನಿನಗೂ ಆ ಅಭ್ಯಾಸ ಇದ್ದರೆ ಡಾಕ್ಟರಿಗೆ ಮೊದಲೇ ಹೇಳು, ರಾತ್ರಿ ಹಾಕಿಕೊಳ್ಳುವ ಗಾರ್ಡ್ ಕೊಡುತ್ತಾರೆ. ಇನ್ನು ಕ್ಯಾಪಿಗೆ ಹುಳುಕು ಹಿಡಿಯುವುದಿಲ್ಲ, ಅದರ ಅಂಚಿನಲ್ಲಿ ನಿನ್ನ ಹಲ್ಲಿಗೆ ಹಿಡಿಯುತ್ತದೆ. ಅಲ್ಲಿ ಹಲ್ಲಿನ ದಾರ (ಫ್ಲಾಸ್) ಹಾಕಿ ಸಿಕ್ಕಿದ್ದನ್ನು ತೆಗೆಯುವುದನ್ನು ಬಿಡಬೇಡ. ದುಡ್ಡಿನ ಮಾತು ನಿಮ್ಮಪ್ಪನ ಜೊತೆ ನಾನೇ ಆಡುತ್ತೇನೆ.

ಆ ಕೈ ವಿಷಯ ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ಅಮ್ಮನಿಗೆ ಅದು ಅಭ್ಯಾಸವಾಗಿ, ಕತ್ತಲಲ್ಲಿ ನಕ್ಕರೂ ಸೆರಗು ಮೇಲೆ ಹೋಗುತ್ತಿತ್ತು. ಹೊಸ ಹಲ್ಲು ಬಂದ ಮೇಲೆ ನನಗೂ ಕೈ ಇಳಿಯಲು ಒಂದು ವರ್ಷ ಹಿಡಿಯಿತು. ನಿನಗೆ ಪೆಟ್ಟಾಗಿ ಇನ್ನೂ ಎರಡು ತಿಂಗಳಾಗಿದೆ ಅಷ್ಟೇ.

ಶೇಡ್ ನೋಡುವ ದಿನ ಯಾವುದು ಅಂತ ತಿಳಿಸು. ಬೆಳಿಗ್ಗೆ ಹತ್ತು ಗಂಟೆಗೆ ಅಪಾಯಿಂಟ್‌ಮೆಂಟ್ ತಗೋ. ತುಮಕೂರಿನಿಂದ ಆರೂವರೆ ಬಸ್ಸಿಗೆ ಹೊರಟರೆ ಅಷ್ಟು ಹೊತ್ತಿಗೆ ನಾನು ಅಲ್ಲಿರುತ್ತೇನೆ.

ನಿನ್ನ ಅತ್ತೆ