ವಿಪಿಎನ್ ಬಗ್ಗೆ ಅರ್ಧಂಬರ್ಧ ಸಲಹೆ ಬೇಡ

ಮಾನ್ಯರೇ,

ಭಾನುವಾರ ನಮ್ಮ ಬಡಾವಣೆಯಲ್ಲಿ ನಡೆದ ಸೈಬರ್ ಜಾಗೃತಿ ಸಭೆಯ ವರದಿ (ವಿಪಿಎನ್ ಇದ್ದರೆ ಭಯವಿಲ್ಲ) ಓದಿದೆ. ವಿಪಿಎನ್ ಎಂದರೆ ನಮ್ಮ ಇಂಟರ್‌ನೆಟ್ ಸಂಪರ್ಕವನ್ನು ಗುಟ್ಟಾಗಿ ಇನ್ನೊಂದು ಕಂಪನಿಯ ಸರ್ವರ್ ಮೂಲಕ ಹಾಯಿಸುವ ಸೇವೆ. ‘ಮೊಬೈಲಿಗೆ ವಿಪಿಎನ್ ಹಾಕಿಕೊಳ್ಳಿ, ನೀವು ಏನು ನೋಡುತ್ತೀರೆಂದು ಯಾರಿಗೂ ತಿಳಿಯುವುದಿಲ್ಲ’ ಎಂದು ಅಧಿಕಾರಿಯೊಬ್ಬರು ಹೇಳಿದ್ದನ್ನು ನಂಬಿ ಅಂದೇ ರಾತ್ರಿ ಉಚಿತ ವಿಪಿಎನ್ ಒಂದನ್ನು ಹಾಕಿಕೊಂಡವರಲ್ಲಿ ನಾನೂ ಒಬ್ಬ. ಮರುದಿನ ಮಗಳ ಹಾಸ್ಟೆಲ್ ಶುಲ್ಕ ಕಟ್ಟಲು ಹೋದಾಗ, ವಿಪಿಎನ್ ನನ್ನನ್ನು ಹೊರದೇಶದಲ್ಲಿದ್ದಂತೆ ತೋರಿಸಿದ್ದರಿಂದ, ಅಲ್ಲಿಂದ ಯಾರೋ ಪ್ರವೇಶಿಸುತ್ತಿದ್ದಾರೆಂದು ಬ್ಯಾಂಕಿನ ಆ್ಯಪ್ ನನ್ನ ಖಾತೆಯನ್ನೇ ತಡೆಹಿಡಿಯಿತು. ಅದನ್ನು ಬಿಡಿಸಿಕೊಳ್ಳಲು ಎರಡು ದಿನ ಶಾಖೆಗೆ ಅಲೆದೆ, ರಜೆ ಹಾಕಿದೆ, ಕೊನೆಗೆ ಶುಲ್ಕದ ಜೊತೆ ದಂಡವನ್ನೂ ತೆತ್ತೆ. ಇಷ್ಟೆಲ್ಲ ಆದರೂ ಹಿಂದಿನ ವಾರ ನೋಡಿದ್ದ ಮಿಕ್ಸಿಯ ಜಾಹೀರಾತು ಬೆನ್ನು ಬಿಡಲಿಲ್ಲ.

ಅದು ಬಿಡುವುದೂ ಇಲ್ಲ. ಗೂಗಲ್‌ಗೆ, ಫೇಸ್‌ಬುಕ್‌ಗೆ ನಮ್ಮದೇ ಹೆಸರಿನಲ್ಲಿ ಲಾಗಿನ್ ಆಗಿರುವಾಗ ಐಪಿ ವಿಳಾಸವೊಂದು (ಇಂಟರ್‌ನೆಟ್‌ನಲ್ಲಿ ನಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಮರೆಯಾದ ಮಾತ್ರಕ್ಕೆ ನಾವು ಅವರಿಗೆ ಅಪರಿಚಿತರಾಗುವುದಿಲ್ಲ. ಇಂಟರ್‌ನೆಟ್ ಕೊಡುವ ಕಂಪನಿಗೆ ಕಾಣುತ್ತಿದ್ದುದು ವಿಪಿಎನ್ ಹಾಕಿದ ಮೇಲೆ ವಿಪಿಎನ್ ಕಂಪನಿಗೆ ಕಾಣುತ್ತದೆ, ಅಷ್ಟೇ. ಹೀಗಿರುವಾಗ ಆ ಕಂಪನಿ ಯಾರದು, ಏನನ್ನು ದಾಖಲಿಸಿಕೊಳ್ಳುತ್ತದೆ ಎಂಬುದನ್ನಲ್ಲವೇ ಸಭೆಯಲ್ಲಿ ಮೊದಲು ಹೇಳಬೇಕಾಗಿದ್ದುದು? ಫೇಸ್‌ಬುಕ್ 2013ರಲ್ಲಿ ಕೊಂಡುಕೊಂಡ ಒನಾವೊ ಕಂಪನಿಯ ಉಚಿತ ವಿಪಿಎನ್, ಮಾಹಿತಿಯನ್ನು ಕಾಪಾಡುತ್ತೇನೆಂದು ಹೇಳಿಕೊಂಡೇ ಜನ ಯಾವ ಆ್ಯಪನ್ನು ಎಷ್ಟು ಬಳಸುತ್ತಾರೆಂಬುದನ್ನು ಫೇಸ್‌ಬುಕ್ಕಿನ ಲಾಭಕ್ಕಾಗಿ ಸಂಗ್ರಹಿಸುತ್ತಿತ್ತು. ಅದನ್ನು ಬಳಕೆದಾರರಿಗೆ ಸರಿಯಾಗಿ ತಿಳಿಸದಿದ್ದುದಕ್ಕೆ 2023ರಲ್ಲಿ ಆಸ್ಟ್ರೇಲಿಯಾದ ನ್ಯಾಯಾಲಯ 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ದಾಖಲೆಯನ್ನೇ ಇಡುವುದಿಲ್ಲವೆಂದು ಸಾರಿದ್ದ ಕೆಲವು ಉಚಿತ ವಿಪಿಎನ್‌ಗಳ ದಾಖಲೆಗಳು 2020ರಲ್ಲಿ ಬಯಲಿಗೆ ಬಂದಿದ್ದವು. ರೈಲು ನಿಲ್ದಾಣದ ವೈಫೈ ಬಳಸುವಾಗ ಒಳ್ಳೆಯ ವಿಪಿಎನ್ ಉಪಯೋಗಕ್ಕೆ ಬರುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಇನ್ನು ಸರ್ಕಾರದ್ದೇ ಒಂದು ನಿಯಮವಿದೆ. ಗ್ರಾಹಕರ ಹೆಸರು, ವಿಳಾಸ, ಫೋನ್ ಸಂಖ್ಯೆ, ಅವರಿಗೆ ಕೊಟ್ಟ ಐಪಿ ವಿಳಾಸಗಳನ್ನು ವಿಪಿಎನ್ ಕಂಪನಿಗಳು ಕನಿಷ್ಠ 5 ವರ್ಷ ಕಾಪಿಡಬೇಕೆಂದು ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿತು. ನಾರ್ಡ್‌ವಿಪಿಎನ್, ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್ ಕಂಪನಿಗಳು ಇದನ್ನು ಒಪ್ಪದೆ ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನೇ ತೆಗೆದುಹಾಕಿದವು. ಒಂದು ಕಡೆ ಹೀಗೆ ಆದೇಶ ಮಾಡಿ, ಇನ್ನೊಂದು ಕಡೆ ಯಾರಿಗೂ ತಿಳಿಯುವುದಿಲ್ಲ ಎಂದು ಜನರಿಗೆ ಹೇಳುವುದು ಯಾವ ನ್ಯಾಯ?

ಖಾಸಗಿತನದ ಮಾತನ್ನು ನಮ್ಮ ಕಚೇರಿಗಳು ಆಡುವುದನ್ನು ಕೇಳಿದರೆ ಸಿಟ್ಟು ಬರುತ್ತದೆ. ಆಸ್ತಿಯ ಖಾತೆ ಬದಲಾವಣೆಗೆ ಅರ್ಜಿ ಹಾಕಲು ಹೋದಾಗ, ಜನ ಕೊಟ್ಟ ಆಧಾರ್ ಜೆರಾಕ್ಸ್ ಪ್ರತಿಗಳು ಕಚೇರಿಯ ಮೆಟ್ಟಿಲ ಕೆಳಗೆ ಕಟ್ಟುಕಟ್ಟಾಗಿ ಬಿದ್ದಿದ್ದನ್ನು ಕಣ್ಣಾರೆ ಕಂಡು ಲಿಖಿತ ದೂರು ಕೊಟ್ಟೆ. ವರ್ಷ ಕಳೆದರೂ ಹಿಂಬರಹ ಬಂದಿಲ್ಲ. ಆ ಅರ್ಜಿ ಕೊಟ್ಟ ಮೇಲೆ ಸಾಲ ಬೇಕೇ ಎಂದು ದಿನಕ್ಕೆ ನಾಲ್ಕು ಕರೆ ಬರುತ್ತಿವೆ. ಇದಕ್ಕೆ ಯಾವ ವಿಪಿಎನ್ ಹಾಕಿಕೊಳ್ಳಬೇಕು?

ಸಂಬಂಧಪಟ್ಟವರು ಮೊದಲು ಆ ಕಟ್ಟುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಿ. ಮುಂದಿನ ಸಭೆಗೆ ವಿಷಯ ಪೂರ್ತಿ ತಿಳಿದವರನ್ನು ಕಳಿಸಲಿ, ಇಲ್ಲವೇ ಇಂತಹ ಸಭೆಗಳನ್ನೇ ನಿಲ್ಲಿಸಲಿ. ತಾವೂ ಇಂತಹ ಹೇಳಿಕೆಗಳನ್ನು ವಿಚಾರಿಸಿ ಪ್ರಕಟಿಸಬೇಕು.

– ನೊಂದ ಓದುಗ, ಮೈಸೂರು