ಘಟಕದ ನೀರನ್ನು ನಮ್ಮ ಹೊಲದ ಬದುವಿನಲ್ಲಿ ಪರೀಕ್ಷಿಸಿ: ಹಳ್ಳದ ದಂಡೆಯ ರೈತರ ಮನವಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಕಲಬುರಗಿ ಜಿಲ್ಲೆ

ಇಂದ,
ಕೊಳಚೆ ನೀರು ಶುದ್ಧೀಕರಣ ಘಟಕದ ಕೆಳಗಿನ ಹಳ್ಳದ ದಂಡೆಯ ರೈತರು ಮತ್ತು ನಿವಾಸಿಗಳು

ವಿಷಯ: ಘಟಕದಿಂದ ಹೊಲಕ್ಕೆ ಬರುವ ನೀರನ್ನು ಸರಿಯಾಗಿ ಪರೀಕ್ಷೆ ಮಾಡಿಸುವ ಕುರಿತು.

ಮಾನ್ಯರೇ,

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಈ ನೀರು ನಿಲ್ಲಿಸಿ ಎಂದು ಕೇಳಲು ನಾವು ಬಂದಿಲ್ಲ. ಬೇಸಿಗೆಯಲ್ಲಿ ಬಾವಿ, ಬೋರು ಎರಡೂ ಕೈಕೊಟ್ಟಾಗ ನಮ್ಮ ಹಳ್ಳದಲ್ಲಿ ಹರಿಯುವುದು ಇದೊಂದೇ ನೀರು. ತೊಗರಿ ಮಳೆ ನಂಬಿ ಬರುತ್ತದೆ. ಮೆಂತ್ಯ, ಪಾಲಕ್, ಪುಂಡಿ ಪಲ್ಯ, ಉಳ್ಳಾಗಡ್ಡಿ ಮಾತ್ರ ಈ ನೀರನ್ನೇ ನಂಬಿವೆ. ಸಂತೆ ಖರ್ಚು, ಮಕ್ಕಳ ಫೀಸು ಅದರಿಂದಲೇ ನಡೆಯುತ್ತದೆ. ನೀರು ಬೇಕು. ಅದು ಎಂಥ ನೀರು ಎಂಬುದೂ ನಮಗೆ ಗೊತ್ತಾಗಬೇಕು.

ಕೇಳಿದಾಗಲೆಲ್ಲ "ಘಟಕ ಚಾಲೂ ಇದೆ" ಎಂಬ ಉತ್ತರ ಸಿಗುತ್ತದೆ. ಚಾಲೂ ಇರುವುದು ಬೇರೆ, ನೀರು ಶುದ್ಧವಾಗುವುದು ಬೇರೆ, ಅಲ್ವಾ? ಕಳೆದ ತಿಂಗಳು ನಮ್ಮಲ್ಲಿ ಒಬ್ಬರು ಒಂದೇ ದಿನ ಎರಡು ಬಾಟಲಿ ನೀರು ತುಂಬಿಟ್ಟರು. ಮಧ್ಯಾಹ್ನದ್ದು ತಿಳಿಯಾಗಿತ್ತು. ಬೆಳಿಗ್ಗೆ ತುಂಬಿದ್ದರ ತಳದಲ್ಲಿ ಸಂಜೆ ಹೊತ್ತಿಗೆ ಎರಡು ಬೆರಳು ಕಪ್ಪು ರಾಡಿ ಕೂತಿತ್ತು. ಮುಚ್ಚಳ ತೆಗೆದರೆ ಮೂಗು ಹಿಡಿಯಬೇಕು. ಅದೇ ರಾಡಿ ನಮ್ಮ ಮೋಟಾರಿನ ಫುಟ್‌ವಾಲ್ವ್‌ಗೆ ಸಿಕ್ಕಿ ನೀರು ಕಟ್ಟಿಕೊಳ್ಳುತ್ತದೆ. ಪಲ್ಯ ಕೊಯ್ಯುವ ಹೆಂಗಸರ ಪಾದದ ಬೆರಳ ಸಂದಿಯಲ್ಲಿ ತುರಿಕೆ ಆರುವುದೇ ಇಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಊರೆಲ್ಲ ಸ್ನಾನ, ಬಟ್ಟೆ, ಪಾತ್ರೆ ಮಾಡುವ ಹೊತ್ತಿನಲ್ಲಿ ಘಟಕಕ್ಕೆ ನೀರು ಒಮ್ಮೆಲೇ ನುಗ್ಗುತ್ತದೆ, ಕೆಸರು ತಳಕ್ಕೆ ಕೂರಲು ಸಮಯ ಸಾಲುವುದಿಲ್ಲ. ಕರೆಂಟ್ ಹೋಗಿ ಗಾಳಿ ಊದುವ ಯಂತ್ರ ನಿಂತರೆ ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಉಸಿರಿಲ್ಲ. ಹೀಗಿರುವಾಗ ಮಧ್ಯಾಹ್ನ ಬಂದು ಒಂದು ಬಾಟಲಿ ಒಯ್ದರೆ ಏನು ತಿಳಿದೀತು? 24 ಗಂಟೆ, ಗಂಟೆಗೊಮ್ಮೆ ನೀರು ತೆಗೆದು, ಹರಿವಿಗೆ ತಕ್ಕಂತೆ ಬೆರೆಸಿ ಪರೀಕ್ಷಿಸಬೇಕು. ಒಳಬರುವ ನೀರು, ಹೊರಹೋಗುವ ನೀರು ಎರಡನ್ನೂ ಅಳೆಯಬೇಕು. ಆಗಲೇ ಘಟಕ ಎಷ್ಟು ಕೊಳೆ ತೆಗೆಯಿತು ಎಂಬ ಲೆಕ್ಕ ಸಿಗುತ್ತದೆ. ಬೇಸಿಗೆಗೊಮ್ಮೆ, ಮಳೆಗಾಲಕ್ಕೊಮ್ಮೆ ಇದು ಆಗಲಿ.

ನಮಗೆ ಜಾಸ್ತಿ ಚಿಂತೆ ಇರುವುದು ರೋಗಾಣುಗಳದ್ದು. ನಮ್ಮ ಕಡೆ ರೊಟ್ಟಿ ಜೊತೆ ಮೆಂತ್ಯ, ಉಳ್ಳಾಗಡ್ಡಿ ತಪ್ಪಲನ್ನು ಹಸಿಯಾಗಿಯೇ ತಿನ್ನುತ್ತೇವೆ. ಕಲಬುರಗಿಯ ಯಾವ ಮನೆಯಲ್ಲೂ ಇದು ಹೊಸದಲ್ಲ. 2017ರ ಅಕ್ಟೋಬರ್‌ನ ಕೇಂದ್ರ ಪರಿಸರ ಸಚಿವಾಲಯದ ಅಧಿಸೂಚನೆ ಪ್ರಕಾರ, ಘಟಕದಿಂದ ಹೊರಬರುವ 100 ಮಿ.ಲೀ. ನೀರಿನಲ್ಲಿ ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ (ನೀರಿಗೆ ಮಲ ಸೇರಿದೆ ಎಂದು ತೋರಿಸುವವು) 1000ಕ್ಕಿಂತ ಕಡಿಮೆ ಇರಬೇಕು. ಹಸಿಯಾಗಿ ತಿನ್ನುವ ಬೆಳೆಗೆ ಬಿಡುವ ನೀರಿನಲ್ಲಿ ಲೀಟರಿಗೆ ಒಂದಕ್ಕಿಂತ ಹೆಚ್ಚು ಜಂತುಹುಳುವಿನ ಮೊಟ್ಟೆ ಇರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲೇ ಹೇಳಿದೆ. ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸತ್ತರೂ ಈ ಮೊಟ್ಟೆಗಳು ಸುಲಭಕ್ಕೆ ಸಾಯುವುದಿಲ್ಲ. ಬಿಒಡಿ (ನೀರಿನ ಕೊಳೆ ಕರಗಿಸಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಅಳತೆ) ಒಂದನ್ನೇ ನೋಡಿ ನೀರು ಚೆನ್ನಾಗಿದೆ ಎನ್ನಬೇಡಿ. ಕೋಲಿಫಾರ್ಮ್, ಜಂತುಹುಳುವಿನ ಮೊಟ್ಟೆ ಎರಡನ್ನೂ ಎಣಿಸಿ. ಘಟಕದ ಬಾಯಲ್ಲಿ ಮಾತ್ರವಲ್ಲ, ನಮ್ಮ ಹೊಲದ ಕಾಲುವೆಯಲ್ಲೂ ಎಣಿಸಿ.

ನಮ್ಮದು ಎರೆ ಭೂಮಿ, ನೀರು ಬೇಗ ಬಸಿಯುವುದಿಲ್ಲ. ಸೋಪಿನ ಪುಡಿಯ ಸೋಡಿಯಂ ವರ್ಷಗಟ್ಟಲೆ ಕೂತರೆ ಮಣ್ಣು ಗಟ್ಟಿಯಾಗಿ ಬೇರಿಗೆ ದಾರಿ ಬಿಡುವುದಿಲ್ಲ. ಉಪ್ಪು, ಸೋಡಿಯಂ ಅಳತೆಯೂ ಬೇಕು. ಸಾರಜನಕ ಎಷ್ಟಿದೆ ಎಂದು ತಿಳಿಸಿದರೆ ಯೂರಿಯಾ ಕಡಿಮೆ ಹಾಕುತ್ತೇವೆ, ದುಡ್ಡು ಉಳಿಯುತ್ತದೆ.

ವರದಿ ಕನ್ನಡದಲ್ಲಿ ಇರಲಿ, ಪಂಚಾಯಿತಿ ಗೋಡೆಗೆ ಹಚ್ಚಲಿ. ಘಟಕ ಕೆಟ್ಟ ದಿನ ಮೊಬೈಲಿಗೆ ಒಂದು ಸಂದೇಶ ಬಂದರೆ ಸಾಕು, ಅಂದು ಮೋಟಾರ್ ಚಾಲೂ ಮಾಡುವುದಿಲ್ಲ.

ನೀರು ತೆಗೆಯಲು ಬರುವ ದಿನ ತಿಳಿಸಿ. ಹೊಲದ ದಾರಿ ನಾವೇ ತೋರಿಸುತ್ತೇವೆ. ದಯವಿಟ್ಟು ಬೆಳಿಗ್ಗೆ ಎಂಟರೊಳಗೆ ಬನ್ನಿ.

ಇಂತಿ ತಮ್ಮ ವಿಶ್ವಾಸಿಗಳು,
ಹಳ್ಳದ ದಂಡೆಯ ರೈತರು ಮತ್ತು ನಿವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)